ಗಾಳಿಯೂ ಅಲ್ಲ, ಹಟವೂ ಅಲ್ಲ

ಅಕ್ಕನ ಮಗಳಿಗೆ ಆಗ ಹನ್ನೊಂದು ವರ್ಷ. ಎರಡು ದಿನ ಜ್ವರ, ತಲೆನೋವು ಅಂದಳು. ಮುಂದಿನ ವಾರ ರಾತ್ರಿಯಿಡೀ ನಿದ್ದೆಯಿಲ್ಲ, ಗೋಡೆ ಜತೆ ಮಾತು. ಹೆತ್ತ ತಾಯಿಯನ್ನೇ ‘ನೀನ್ಯಾರು?’ ಅಂದಳು. ಆಮೇಲೆ ಮಾತೇ ನಿಂತುಹೋಯಿತು. ಸುಮ್ಮಸುಮ್ಮನೆ ಬಾಯಿ ಚಪ್ಪರಿಸೋದು, ಕೈ ತಿರುವೋದು. ಮನೆಯ ಹಿರಿಯರು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರೋದು ಓದಿದವರ ಮೇಲೆ. ದೊಡ್ಡ ಆಸ್ಪತ್ರೆಯೊಂದರಲ್ಲಿ ಎಂಆರ್‌ಐ ಮಾಡಿ, ‘ಸ್ಕ್ಯಾನ್ ನಾರ್ಮಲ್, ಇದು ಮಾನಸಿಕ, ಪರೀಕ್ಷೆ ಭಯ ಇರಬೇಕು’ ಅಂತ ಮಾತ್ರೆ ಬರೆದು ಕಳಿಸಿದರು. ಮಾತ್ರೆ ನುಂಗಿದ ಮಗುವಿನ ಮೈ ಕಟ್ಟಿಗೆಯ ಹಾಗೆ ಬಿಗಿದುಕೊಂಡಿತು. ಮೂರು ವಾರ ಕಳೆದು ಫಿಟ್ಸ್ ಬಂದ ಮೇಲೆ ಇನ್ನೊಬ್ಬ ವೈದ್ಯೆ ಬೆನ್ನಿನಿಂದ ನೀರು ತೆಗೆಸಿ ಪರೀಕ್ಷೆಗೆ ಕಳಿಸಿದರು.

ಆಂಟಿ-ಎನ್‌ಎಂಡಿಎ ರಿಸೆಪ್ಟರ್ ಎನ್‌ಸೆಫಲೈಟಿಸ್. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮಿದುಳಿನ ಮೇಲೆ ತಿರುಗಿಬೀಳುವ ಕಾಯಿಲೆ. ಡಾ. ಜೋಸೆಪ್ ಡಾಲ್ಮಾವ್ ಮತ್ತು ಸಂಗಡಿಗರು 2007ರಲ್ಲೇ ಇದನ್ನು ಗುರುತಿಸಿದ್ದಾರೆ. 2013ರಲ್ಲಿ ಪ್ರಕಟವಾದ 577 ರೋಗಿಗಳ ಅಧ್ಯಯನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವರು ಮಕ್ಕಳು. ಎರಡು ವರ್ಷದ ಹೊತ್ತಿಗೆ ಹತ್ತರಲ್ಲಿ ಸುಮಾರು ಎಂಟು ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು. ಬೇಗ ಚಿಕಿತ್ಸೆ ಸಿಕ್ಕವರದ್ದು ಇನ್ನೂ ಒಳ್ಳೆಯ ಫಲ. ಈ ಕಾಯಿಲೆಯಲ್ಲಿ ಎಂಆರ್‌ಐ ಎಷ್ಟೋ ಸಲ ಸರಿಯಾಗೇ ಬರುತ್ತದೆ. ಹಾಗಿರುವಾಗ ‘ಸ್ಕ್ಯಾನ್ ನಾರ್ಮಲ್’ ಅಂದರೆ ಏನು ಹೇಳಿದ ಹಾಗಾಯಿತು ಸ್ವಾಮಿ?

‘ಹಾಗಂತ ಹಟ ಮಾಡುವ ಮಕ್ಕಳಿಗೆಲ್ಲ ಬೆನ್ನಿಗೆ ಸೂಜಿ ಚುಚ್ಚಬೇಕಾ?’ ಅಂತ ಡಾಕ್ಟರ್ ಗೆಳೆಯನೊಬ್ಬ ರೇಗಿದ. ಬೇಡಪ್ಪಾ. ಆದರೆ ಅಷ್ಟು ಚಿಕ್ಕ ವಯಸ್ಸಿಗೆ ಚಿತ್ತವಿಕಾರ ಬರೋದೇ ಅಪರೂಪ. ಅದೂ ನಿನ್ನೆ ಮೊನ್ನೆವರೆಗೆ ಕುಂಟೆಬಿಲ್ಲೆ ಆಡುತ್ತಿದ್ದ ಮಗು ದಿನಗಳಲ್ಲೇ ಬದಲಾಗಿ, ಜತೆಗೆ ಫಿಟ್ಸ್, ಮಾತು ನಿಲ್ಲೋದು, ವಿಚಿತ್ರ ಚಲನೆ, ಮೈ ಬಿಗಿತ, ರಕ್ತದೊತ್ತಡದ ಏರಿಳಿತ ಕಂಡರೆ ಮೊದಲು ದೇಹವನ್ನು ಹುಡುಕಬೇಕು. ಇಇಜಿ, ಬೆನ್ನಿನ ನೀರು, ಆಂಟಿಬಾಡಿ ಪರೀಕ್ಷೆ ಆಗಬೇಕು. ಹೆಣ್ಣುಮಕ್ಕಳಿಗೆ ಅಂಡಾಶಯದ ಸ್ಕ್ಯಾನ್ ಕೂಡ ಬೇಕು, ಅಲ್ಲಿನ ಗೆಡ್ಡೆಯಿಂದಲೂ ಇದು ಶುರುವಾಗಬಹುದು. ಏನನ್ನೂ ಹುಡುಕದೆ ‘ಮಾನಸಿಕ’ ಅಂತ ಷರಾ ಬರೆಯೋದಕ್ಕೂ ತಾಯತಕ್ಕೂ ವ್ಯತ್ಯಾಸ ಶುಲ್ಕದಲ್ಲಿ ಮಾತ್ರ.

ಸ್ಟೀರಾಯ್ಡ್, ಇಮ್ಯುನೋಗ್ಲಾಬ್ಯುಲಿನ್ ಕೊಟ್ಟು ತಿಂಗಳುಗಳಾದ ಮೇಲೆ ನಮ್ಮ ಹುಡುಗಿ ಅಮ್ಮನನ್ನು ಗುರುತಿಸಿದಳು. ಈಗ ಶಾಲೆಗೆ ಹೋಗುತ್ತಾಳೆ. ಮಗ್ಗಿ ಮಾತ್ರ ಮತ್ತೆ ಮೊದಲಿಂದ ಕಲಿಯುತ್ತಿದ್ದಾಳೆ. ಆ ಮೂರು ವಾರಕ್ಕೆ ಯಾರೂ ಲೆಕ್ಕ ಕೊಡಲಿಲ್ಲ.

ಅಪ್ಪ ಅಮ್ಮಂದಿರೇ, ಮಗು ಹೀಗಾದರೆ ಮೊಬೈಲಿನಲ್ಲಿ ವಿಡಿಯೊ ಮಾಡಿ, ಯಾವತ್ತು ಶುರುವಾಯಿತು ಅಂತ ಬರೆದಿಡಿ. ‘ಡಾಕ್ಟ್ರೇ, ಇದು ಆಟೊಇಮ್ಯೂನ್ ಇರಬಹುದಾ?’ ಅಂತ ಬಾಯಿಬಿಟ್ಟು ಕೇಳಿ. ಅವರು ಬೈದರೂ ಪರವಾಗಿಲ್ಲ, ಕೇಳಿ.