ರಕ್ತ ಕಡಿಮೆಯಾದರೆ ಹೆಪ್ಪುಗಟ್ಟುವುದೆ?

ಚಾಮರಾಜಪೇಟೆಯ ಹಳೆಯ ಮನೆಯೊಂದರ ಬಾಣಂತಿಕೋಣೆಯನ್ನು ಊಹಿಸಿಕೊಳ್ಳಿ. ಕಿಟಕಿ ಮುಚ್ಚಿದೆ, ಸಾಂಬ್ರಾಣಿಯ ಹೊಗೆ ತುಂಬಿದೆ. ಹೆತ್ತು ಹತ್ತು ದಿನವಾದ ಮಗಳು ಬಾಯಾರಿಕೆಯೆಂದರೆ ತಾಯಿ ಒಂದು ಗುಟುಕು ಬಿಸಿನೀರು ಕೊಟ್ಟು, "ಸಾಕಮ್ಮ, ಶೀತವಾದೀತು" ಎನ್ನುತ್ತಾಳೆ. ಮಗಳ ಮುಖ ಬಿಳಿಚಿದೆ. "ರಕ್ತ ಕೊಂಚ ಕಡಿಮೆ, ಹೆಂಗಸರಿಗೆಲ್ಲ ಇದ್ದದ್ದೇ" ಎಂಬ ಸಮಾಧಾನ ಸಿದ್ಧವಾಗಿದೆ. ಮೂರು ದಿನಗಳಿಂದ ಬಿಡದ ತಲೆನೋವಿಗೂ ಅದೇ ಸಮಾಧಾನ.

ಈ ಸಮಾಧಾನದಲ್ಲಿಯೇ ಅಪಾಯವಿದೆ. ಮಿದುಳಿನಿಂದ ರಕ್ತವನ್ನು ಹೊರಗೊಯ್ಯುವ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ವ್ಯಾಧಿಯೊಂದುಂಟು. ಬಾಣಂತಿಯರು ಅದಕ್ಕೆ ಸುಲಭವಾಗಿ ತುತ್ತಾಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಇದನ್ನು ದಶಕಗಳಿಂದ ಅಭ್ಯಸಿಸಿದ್ದಾರೆ. ಹೆಪಾರಿನ್ ಔಷಧದಿಂದ ಇಂಥವರಿಗಾಗುವ ಪ್ರಯೋಜನವನ್ನು 1999ರಲ್ಲಿ ಪ್ರಕಟಿಸಿದರು. ಹೆರಿಗೆಯ ಕಾಲದಲ್ಲಿ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚು. ನೀರಿನ ಕೊರತೆ ಅದಕ್ಕೆ ಒತ್ತಾಸೆಯಾಗುತ್ತದೆ. ಯಾರೂ ಲೆಕ್ಕಕ್ಕೆ ಹಿಡಿಯದ ಮತ್ತೊಂದು ಸಂಗಾತಿಯೆಂದರೆ ಕಬ್ಬಿಣಾಂಶದ ಕೊರತೆ.

ರಕ್ತ ಕಡಿಮೆಯಾದವರಿಗೆ ಅದು ಹೆಪ್ಪುಗಟ್ಟುವುದೆಂತು? ಕಬ್ಬಿಣ ಸಾಲದಾದಾಗ ಅಸ್ಥಿಮಜ್ಜೆಯು ಕೆಂಪುಕಣಗಳನ್ನು ತಯಾರಿಸಲಾರದೆ, ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳನ್ನು ಎಷ್ಟೋ ವೇಳೆ ಅತಿಯಾಗಿ ಹೊರಬಿಡುತ್ತದೆ. ಪದೇ ಪದೇ ರಕ್ತಸ್ರಾವವಾಗುವ ಆನುವಂಶಿಕ ವ್ಯಾಧಿಯುಳ್ಳವರನ್ನು ಪರೀಕ್ಷಿಸಿದ ಲಂಡನ್ನಿನ ವೈದ್ಯರು, ಕಬ್ಬಿಣ ಕಡಿಮೆಯಿದ್ದವರಲ್ಲಿಯೇ ಹೆಪ್ಪುಗಟ್ಟುವ ಅಪಾಯ ಹೆಚ್ಚೆಂದು 2012ರಲ್ಲಿ ವರದಿಮಾಡಿದರು. ಕಬ್ಬಿಣದ ಕೊರತೆಯೊಂದೇ ಕಾರಣವಾಗುವುದು ವಿರಳ. ಇತರ ಕಾರಣಗಳೊಡನೆ ಕೂಡಿದಾಗ ಅದು ಹಗುರವಾದುದಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಬಸವನಗುಡಿ, ಮಲ್ಲೇಶ್ವರಗಳ ಸುಶಿಕ್ಷಿತ ಮನೆಗಳು ಇದಕ್ಕೆ ಹೊರತೆಂದು ಭಾವಿಸಲಾಗದು. ಊಟದ ಬೆನ್ನಿಗೇ ಬರುವ ಕಾಫಿಯು ಆಹಾರದ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಕಾಫಿ ಒಂದು ಗಂಟೆ ಕಾಯಲಿ. ಸೊಪ್ಪಿನ ಹುಳಿಗೆ ನಿಂಬೆಹಣ್ಣು ಜೊತೆಯಾಗಲಿ. ಆದರೆ ಕೊರತೆ ಬಲಿತ ಮೇಲೆ ಸೊಪ್ಪೊಂದೇ ಸಾಲದು. ಗರ್ಭಿಣಿಗೆ ನಾಲ್ಕನೆಯ ತಿಂಗಳಿಂದ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣದ ಮಾತ್ರೆ ಕೊಡಬೇಕೆಂಬುದು ಸರ್ಕಾರದ ಕ್ರಮ. ಹೆರಿಗೆಯಾದೊಡನೆ ಮಾತ್ರೆಯ ಡಬ್ಬಿ ಅಟ್ಟ ಸೇರಕೂಡದು.

ಬಾಣಂತಿಗೆ ಬಾಯಾರಿದಾಗ ನೀರು ಕೊಡಿ. ತಲೆನೋವು ಬಿಡದಿದ್ದರೆ, ವಾಂತಿಯಾದರೆ, ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, ಒಂದು ಕಾಲು ಮಾತ್ರ ಊದಿಕೊಂಡರೆ, "ಶೀತ" ಎಂದು ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಪಥ್ಯ ಒಂದು ದಿನ ತಪ್ಪಿದರೆ ನಷ್ಟವಿಲ್ಲ. ತೊಟ್ಟಿಲ ಕೂಸಿಗೆ ತಾಯಿ ಉಳಿಯಬೇಕು.