ಗೆಲ್ಲುವ ಮೊದಲು ಸೋಲದಿರಲು ಕಲಿಯೋಣ

ಕಳೆದ ವರ್ಷ ಅಂತರ ಕಾಲೇಜು ಚೆಸ್ ಟೂರ್ನಿಗೆಂದು ಗಂಗಾವತಿಯಿಂದ ಕೊಪ್ಪಳಕ್ಕೆ ಹೋಗಿದ್ದೆ. ಮೂರನೇ ಸುತ್ತಿನಲ್ಲಿ ಕುಷ್ಟಗಿ ಕಡೆಯ ಹುಡುಗನೊಬ್ಬ ಎದುರಾದ. ಇಪ್ಪತ್ತು ನಡೆ ಮುಗಿಯುವಷ್ಟರಲ್ಲಿ ನನ್ನ ಬಳಿ ಒಂದು ಕುದುರೆ ಹೆಚ್ಚಿಗೆ ಇತ್ತು. ಸುತ್ತ ನಿಂತು ನೋಡುತ್ತಿದ್ದವರು ಇದು ಮುಗಿದ ಆಟ ಎಂದುಕೊಂಡು ಬೇರೆ ಬೋರ್ಡಿನ ಕಡೆ ಸರಿದರು. ನನಗೂ ಹಾಗೇ ಅನ್ನಿಸಿತು. ಅವನ ಮಂತ್ರಿಯನ್ನು ಹಿಡಿಯುವ ಆಸೆಯಲ್ಲಿ, ಹಿಂದಿನ ಸಾಲನ್ನು ಕಾಯುತ್ತಿದ್ದ ನನ್ನ ಆನೆಯನ್ನೇ ಮುಂದಕ್ಕೆ ನಡೆಸಿದೆ. ಅವನ ಆನೆ ನೇರವಾಗಿ ಬಂದು ನನ್ನ ಹಿಂದಿನ ಸಾಲಿನಲ್ಲಿ ಕೂತಿತು. ನನ್ನ ರಾಜನ ಮುಂದೆ ನನ್ನವೇ ಮೂರು ಕಾಲಾಳುಗಳು ಗೋಡೆಯಂತೆ ನಿಂತಿದ್ದವು. ಓಡಲು ಒಂದು ಮನೆಯೂ ಇರಲಿಲ್ಲ. ಚೆಕ್‌ಮೇಟ್!

ಹೊರಗೆ ಚಹಾ ಕುಡಿಯುತ್ತಾ ನಿಂತಿದ್ದಾಗ, ಪಂದ್ಯ ನಡೆಸಿಕೊಡಲು ಬಂದಿದ್ದ ನಿವೃತ್ತ ಮಾಸ್ತರರೊಬ್ಬರು ಹೆಗಲ ಮೇಲೆ ಕೈ ಇಟ್ಟು ಕೇಳಿದರು: ‘ತಮ್ಮಾ, ನೀ ಏನ್ ಮಾಡಬೇಕಂತ ಬಾಳ ಚಲೋ ವಿಚಾರ ಮಾಡಿದಿ. ಅಂವ ಏನ್ ಮಾಡಾಕತ್ತಾನ ಅಂತ ಒಮ್ಮೆರ ನೋಡಿದ್ಯೇನು?’

ನನ್ನಲ್ಲಿ ಉತ್ತರ ಇರಲಿಲ್ಲ. ಮನೆಗೆ ಬಂದು, ನಾನು ಸೋತ ಆಟಗಳನ್ನೆಲ್ಲ ನೆನಪಿದ್ದಷ್ಟು ಬರೆದು ನೋಡಿದೆ. ಎದುರಾಳಿಯ ಅದ್ಭುತ ಆಟಕ್ಕೆ ಸೋತದ್ದು ಒಂದೋ ಎರಡೋ. ಉಳಿದದ್ದೆಲ್ಲ ನಾನೇ ಕೈಯಾರೆ ಕೊಟ್ಟದ್ದು. ಕಾವಲಿಲ್ಲದೆ ಬಿಟ್ಟ ಕಾಯಿ, ನೋಡದೆ ಹೋದ ಚೆಕ್, ಅವಸರದ ಹೊಡೆತ. ನಮ್ಮ ಮಟ್ಟದ ಆಟದಲ್ಲಿ ಜಾಣ ನಡೆ ಆಡಿದವನಿಗಿಂತ ಕೊನೆಯ ದೊಡ್ಡ ತಪ್ಪು ಮಾಡದೆ ಉಳಿದವನೇ ಗೆಲ್ಲುತ್ತಾನೆ ಎಂಬುದು ನನಗೆ ಅಂದು ಅರ್ಥವಾಯಿತು. ಆದರೂ ನಾವು ಕಲಿಯುವುದೆಲ್ಲ ದಾಳಿಯನ್ನೇ. ನಾಲ್ಕೇ ನಡೆಯಲ್ಲಿ ಮೇಟ್ ಮಾಡುವುದು ಹೇಗೆ ಎಂಬ ವಿಡಿಯೊವನ್ನು ಎಲ್ಲರೂ ನೋಡಿರುತ್ತಾರೆ. ಕಷ್ಟದ ಆಟವನ್ನು ಉಳಿಸಿಕೊಳ್ಳುವುದು ಹೇಗೆಂದು ಹುಡುಕುವವರು ಕಡಿಮೆ.

ಇದು ನಮ್ಮಂಥವರ ಸಮಸ್ಯೆ ಮಾತ್ರ ಅಲ್ಲ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೇ ಹಾಗೂ ಕೊನೆಯ ಆಟ ನಡೆಯಿತು. ಡಿಂಗ್ ಲಿರೆನ್ ಮತ್ತು ನಮ್ಮ ಡಿ. ಗುಕೇಶ್ ತಲಾ 6.5 ಅಂಕಗಳಲ್ಲಿದ್ದರು. ಆಟ ಡ್ರಾ ಕಡೆಗೆ ಸಾಗಿತ್ತು. 55ನೇ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ಬದಲಾವಣೆಗೆ ಒಡ್ಡಿದರು. ಆನೆಗಳು ಹೋದ ಮೇಲೆ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ ಅವರ ಒಂಟೆಗೂ ಬದಲಾವಣೆ ತಪ್ಪಿಸಿಕೊಳ್ಳುವ ದಾರಿ ಉಳಿಯಲಿಲ್ಲ. ಬರೀ ಕಾಲಾಳುಗಳ ಆಟ ಗುಕೇಶ್‌ಗೆ ಒಲಿಯಿತು. 18 ವರ್ಷದ ಹುಡುಗ ವಿಶ್ವ ಚಾಂಪಿಯನ್ ಆದ. ಗುಕೇಶ್ ಅಂದು ಮಾಂತ್ರಿಕ ದಾಳಿಯನ್ನೇನೂ ಮಾಡಿರಲಿಲ್ಲ. ಡ್ರಾಕ್ಕೆ ಒಪ್ಪದೆ, ತಾವು ತಪ್ಪು ಮಾಡದೆ, ಗಂಟೆಗಟ್ಟಲೆ ಕಾದಿದ್ದರು.

ಇದಕ್ಕೆ ಹತ್ತು ವರ್ಷ ಮೊದಲು, 2014ರಲ್ಲಿ ಸೋಚಿಯಲ್ಲಿ, ವಿಶ್ವನಾಥನ್ ಆನಂದ್ ಮತ್ತು ಮ್ಯಾಗ್ನಸ್ ಕಾರ್ಲ್‌ಸನ್ ನಡುವಿನ ಆರನೇ ಆಟದಲ್ಲಿ ಇನ್ನೂ ವಿಚಿತ್ರ ನಡೆಯಿತು. 26ನೇ ನಡೆಯಲ್ಲಿ ಕಾರ್ಲ್‌ಸನ್ ತಮ್ಮ ರಾಜನನ್ನು ತಪ್ಪು ಮನೆಗೆ ಸರಿಸಿದರು. ಕುದುರೆಯಿಂದ ಒಂದು ಕಾಲಾಳನ್ನು ಹೊಡೆದಿದ್ದರೆ ಆಟ ಆನಂದ್ ಕಡೆಗೆ ತಿರುಗುತ್ತಿತ್ತು. ಆನಂದ್ ಅದನ್ನು ಗಮನಿಸದೆ ಬೇರೊಂದು ಕಾಲಾಳನ್ನು ಮುಂದೂಡಿದರು, ಕೊನೆಗೆ ಸೋತರು. ತಪ್ಪು ಮಾಡಿದವರು ವಿಶ್ವ ಚಾಂಪಿಯನ್, ಅದನ್ನು ಕಾಣದೆ ಹೋದವರು ಐದು ಬಾರಿಯ ವಿಶ್ವ ಚಾಂಪಿಯನ್. ಅವರಿಗೇ ಹೀಗಾಗುತ್ತದೆ ಎಂದ ಮೇಲೆ, ಎದುರಾಳಿಯ ಪ್ರತಿ ನಡೆಯನ್ನೂ ಹೊಸದಾಗಿ ನೋಡುವ ಅಭ್ಯಾಸ ನಮಗೆಷ್ಟು ಬೇಕು ಯೋಚಿಸಿ.

ರಕ್ಷಣೆ ಎಂದರೆ ಅಂಜುಬುರುಕರ ಆಟ ಎಂದು ಗೆಳೆಯರು ನಗುತ್ತಾರೆ. 1963ರಿಂದ 1969ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಟಿಗ್ರಾನ್ ಪೆಟ್ರೋಸಿಯಾನ್ ಹೆಸರು ಮಾಡಿದ್ದೇ ರಕ್ಷಣೆಯಿಂದ. ಎದುರಾಳಿ ದಾಳಿ ಶುರು ಮಾಡುವ ಮೊದಲೇ ಅದರ ದಾರಿ ಮುಚ್ಚುತ್ತಿದ್ದ ಅವರನ್ನು ಸೋಲಿಸುವುದು ಬಹಳ ಕಷ್ಟವಾಗಿತ್ತು. ಅಷ್ಟು ದೂರ ಯಾಕೆ, ನಮ್ಮ ಕೊಪ್ಪಳದ ಕೋಟೆಯನ್ನೇ ನೋಡಿ. ಬೆಟ್ಟದ ಮೇಲೊಂದು ಕೋಟೆ, ಕೆಳಗೊಂದು ಕೋಟೆ. 1790ರಲ್ಲಿ ಬ್ರಿಟಿಷ್ ಮತ್ತು ನಿಜಾಮರ ಪಡೆಗಳು ಮುತ್ತಿಗೆ ಹಾಕಿದಾಗ ಅದು ತಿಂಗಳುಗಟ್ಟಲೆ ಕೈಗೆ ಸಿಗಲಿಲ್ಲ. ಅದನ್ನು ಕಟ್ಟಿದವರನ್ನು ಯಾರಾದರೂ ಅಂಜುಬುರುಕರು ಎನ್ನುತ್ತಾರೆಯೇ?

ಹಾಗಾದರೆ ರಕ್ಷಣೆ ಕಲಿಯುವುದು ಹೇಗೆ? ನನಗೆ ಕೋಚ್ ಇಲ್ಲ. ಯಲಬುರ್ಗಾ, ಕುಷ್ಟಗಿಯ ನನ್ನ ಗೆಳೆಯರಿಗೂ ಇಲ್ಲ. ಆದರೆ ಇದಕ್ಕೆ ಬೇಕಾದದ್ದು ದುಬಾರಿ ತರಬೇತಿಗಿಂತ ಹೆಚ್ಚಾಗಿ ಒಂದು ಶಿಸ್ತು. ಎದುರಾಳಿ ಕಾಯಿ ನಡೆಸಿದ ಕೂಡಲೇ ನಾನು ಈಗ ಕೇಳಿಕೊಳ್ಳುವ ಮೊದಲ ಪ್ರಶ್ನೆ, ಇವನು ಇದನ್ನು ಯಾಕೆ ಆಡಿದ? ಎರಡನೆಯದು, ನಾನು ಆಡಬೇಕೆಂದಿರುವ ಕಾಯಿ ಈಗ ಏನನ್ನು ಕಾಯುತ್ತಿದೆ, ಅದು ಎದ್ದರೆ ಯಾವ ಮನೆ ಬಯಲಾಗುತ್ತದೆ? ಮೂರನೆಯದು, ನಾನು ಆಡಿದ ಮೇಲೆ ಅವನಿಗೆ ಯಾವ ಚೆಕ್, ಯಾವ ಹೊಡೆತ ಇದೆ? ಮೂರಕ್ಕೂ ಉತ್ತರ ಸಿಗುವವರೆಗೆ ಕೈಯನ್ನು ಮೇಜಿನ ಕೆಳಗೇ ಇಟ್ಟುಕೊಳ್ಳುತ್ತೇನೆ. ಟೂರ್ನಿಯಲ್ಲಿ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಕೈ ಮೊದಲು ಓಡಿದರೆ ಬುದ್ಧಿ ಹಿಂದೆ ಬಂದು ಪ್ರಯೋಜನವಿಲ್ಲ.

ನಮ್ಮ ಕಾಯಿಯ ಮೇಲೆ ದಾಳಿ ಬಂದಾಗ ಗಾಬರಿಯಿಂದ ಅದನ್ನು ಹಿಂದಕ್ಕೆ ಓಡಿಸುವುದೊಂದೇ ದಾರಿಯಲ್ಲ. ದಾಳಿ ಮಾಡಿದ ಕಾಯಿಯನ್ನೇ ಹೊಡೆಯಬಹುದು, ನಡುವೆ ಇನ್ನೊಂದು ಕಾಯಿ ಅಡ್ಡ ಇಡಬಹುದು, ಕಾವಲು ಕೊಡಬಹುದು, ಇಲ್ಲವೇ ಅದಕ್ಕಿಂತ ದೊಡ್ಡ ಬೆದರಿಕೆಯನ್ನು ನಾವೇ ಒಡ್ಡಬಹುದು. ಆಟ ಶಾಂತವಾಗಿರುವಾಗ ರಾಜನ ಮುಂದಿನ ಒಂದು ಕಾಲಾಳನ್ನು ಒಂದು ಮನೆ ಸರಿಸಿ ಗಾಳಿಗೆ ಕಿಟಕಿ ತೆಗೆದಿಟ್ಟರೆ, ನಾನು ಕೊಪ್ಪಳದಲ್ಲಿ ಸೋತ ರೀತಿ ನೀವು ಸೋಲುವುದಿಲ್ಲ.

ಆಟ ಕೆಟ್ಟ ಮೇಲೂ ಕೆಲಸವಿದೆ. ಕಾಯಿ ಕಳೆದುಕೊಂಡಾಗ ದೊಡ್ಡ ಕಾಯಿಗಳನ್ನು ಉಳಿಸಿಕೊಂಡು ಕಾಲಾಳುಗಳನ್ನು ಬದಲಾಯಿಸುತ್ತಾ ಹೋಗಬೇಕು. ಕಾಲಾಳುಗಳು ಮುಗಿದರೆ, ಒಂದು ಕುದುರೆಯೋ ಒಂಟೆಯೋ ಮಾತ್ರ ಹೆಚ್ಚಿಗೆ ಇರುವವನಿಗೆ ಗೆಲ್ಲುವುದು ಎಷ್ಟೋ ಸಲ ಆಗುವುದೇ ಇಲ್ಲ. ಒಬ್ಬರದು ಬಿಳಿ ಮನೆಯ ಒಂಟೆ, ಇನ್ನೊಬ್ಬರದು ಕಪ್ಪು ಮನೆಯ ಒಂಟೆ ಮಾತ್ರ ಉಳಿದಿದ್ದರೆ, ಒಂದೆರಡು ಕಾಲಾಳು ಕಡಿಮೆ ಇದ್ದರೂ ಡ್ರಾ ಸಾಧ್ಯ. ಸ್ಟೇಲ್‌ಮೇಟ್ ಎಂಬ ಕೊನೆಯ ಬಾಗಿಲೂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಗೆಲ್ಲುತ್ತಿರುವವನಿಗೆ ಮೈಮರೆವು ಜಾಸ್ತಿ. ಕೊಪ್ಪಳದಲ್ಲಿ ನಾನೇ ಅದಕ್ಕೆ ಸಾಕ್ಷಿ. ಕುದುರೆ ಹೋಯಿತೆಂದು ಆ ಹುಡುಗ ಕೈಕುಲುಕಿ ಎದ್ದಿದ್ದರೆ ನನ್ನ ಹಿಂದಿನ ಸಾಲು ಬಯಲಾಗುವುದನ್ನು ಅವನು ನೋಡುತ್ತಲೇ ಇರಲಿಲ್ಲ.

ಮೊಬೈಲಿನಲ್ಲಿ ಒಂದು ನಿಮಿಷ, ಮೂರು ನಿಮಿಷದ ಆಟವನ್ನೇ ದಿನವಿಡೀ ಆಡುವುದು ನಮಗೆ ಅವಸರವನ್ನು ಕಲಿಸುತ್ತಿದೆ ಎಂಬುದು ನನ್ನ ಅನುಭವ. ಸೋತರೆ ಕೂಡಲೇ ಇನ್ನೊಂದು ಆಟ. ಯಾಕೆ ಸೋತೆ ಎಂದು ನೋಡಲು ಪುರಸೊತ್ತಿಲ್ಲ. ಅದರ ಬದಲು ದಿನಕ್ಕೆ ಅರ್ಧ ಗಂಟೆಯ ಒಂದೇ ಆಟ ಆಡಿ. ಮುಗಿದ ಮೇಲೆ ಎಲ್ಲಿ ತಪ್ಪಿತು, ಆಗ ಏನು ಯೋಚಿಸುತ್ತಿದ್ದೆ ಎಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ. ಲಿಚೆಸ್‌ನಂಥ ತಾಣದಲ್ಲಿ ಆಟದ ವಿಶ್ಲೇಷಣೆ ಉಚಿತವಾಗಿ ಸಿಗುತ್ತದೆ. ಆದರೆ ಮೊದಲು ನೀವೇ ಹುಡುಕಿ, ಆಮೇಲೆ ಕಂಪ್ಯೂಟರನ್ನು ಕೇಳಿ. ತಿಂಗಳು ಕಳೆದ ಮೇಲೆ ನೋಟ್‌ಬುಕ್ ತೆರೆದರೆ ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಅದೊಂದನ್ನು ಬಿಟ್ಟರೂ ಆಟ ಬದಲಾಗುತ್ತದೆ.

ನನ್ನಂತೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ ಇದು ಬೇಗ ಅರ್ಥವಾದೀತು. ಕೆಪಿಎಸ್‌ಸಿ ಪರೀಕ್ಷೆಯಲ್ಲಿ ಒಂದು ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಡಿತ. ನಾಲ್ಕು ಅವಸರದ ಉತ್ತರ ಸೇರಿದರೆ, ಕಷ್ಟಪಟ್ಟು ಗಳಿಸಿದ ಒಂದು ಸರಿ ಉತ್ತರ ಹೋಯಿತು. ಗೊತ್ತಿಲ್ಲದ್ದಕ್ಕಿಂತ ಗೊತ್ತಿದ್ದೂ ಪ್ರಶ್ನೆಯಲ್ಲಿನ ‘ಅಲ್ಲ’ ಎಂಬ ಪದವನ್ನು ಓದದೆ ಕಳೆದುಕೊಂಡ ಅಂಕಗಳೇ ನನ್ನನ್ನು ಹೆಚ್ಚು ಕಾಡಿವೆ. ಚೆಸ್ ಆಡಿದರೆ ನೌಕರಿ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಗುರುತು ಹಾಕುವ ಮೊದಲು ಪ್ರಶ್ನೆಯನ್ನು ಇನ್ನೊಮ್ಮೆ ಓದುವ ತಾಳ್ಮೆ ನನಗೆ ಬಂದದ್ದು ಬೋರ್ಡಿನ ಮುಂದೆಯೇ.

ನಮ್ಮ ಕಾಲೇಜುಗಳಲ್ಲಿ ಚೆಸ್ ಎಂದರೆ ವರ್ಷಕ್ಕೊಮ್ಮೆ ಕ್ರೀಡಾಕೂಟದಲ್ಲಿ ಬೇಗ ಮುಗಿಸುವ ಸ್ಪರ್ಧೆ ಎಂದಾಗಿದೆ. ತಿಂಗಳಿಗೊಂದು ಶನಿವಾರ ಸಮಯ ಕೊಟ್ಟು ಆಡಿಸಿ, ಮುಗಿದ ಮೇಲೆ ಗೆದ್ದವರು, ಸೋತವರು ಜೊತೆಗೆ ಕೂತು ಅದೇ ಆಟವನ್ನು ಮತ್ತೆ ನೋಡುವಂತೆ ಮಾಡಿದರೆ ಸಾಕು. ಖರ್ಚು ಒಂದಿಷ್ಟು ಬೋರ್ಡು, ಎರಡು ಗಂಟೆ.

ಮೊನ್ನೆ ಅದೇ ಕುಷ್ಟಗಿಯ ಹುಡುಗನ ಜೊತೆ ಮತ್ತೆ ಆಡಿದೆ. ಈ ಸಲ ಕುದುರೆ ಕಳೆದುಕೊಂಡವನು ನಾನು. ಎದ್ದು ಹೋಗಲಿಲ್ಲ. ಒಂದೊಂದೇ ಕಾಲಾಳು ಬದಲಾಯಿಸುತ್ತಾ ಎರಡು ಗಂಟೆ ಕೂತೆ. ಆಟ ಡ್ರಾ ಆಯಿತು. ಆ ಅರ್ಧ ಅಂಕ ನಾನು ಗೆದ್ದ ಎಷ್ಟೋ ಆಟಗಳಿಗಿಂತ ಹೆಚ್ಚು ಖುಷಿ ಕೊಟ್ಟಿತು.