ಬೆಲೆ ಬಿದ್ದ ದಿನ ಖರೀದಿಗೆ ಇಳಿದವರು

ಚಾಲಿ ಅಡಿಕೆಗೆ ಧಾರಣೆ ಇಲ್ಲವೆಂದರೆ ಬೆಳೆಗಾರ ಅದನ್ನು ಗೋಣಿಯಲ್ಲಿ ತುಂಬಿಟ್ಟು ಒಂದು ವರ್ಷ ಕಾಯಬಲ್ಲ. ಕೊಕ್ಕೊ ಹಾಗಲ್ಲ. ಕಾಯಿ ಒಡೆದು ತೆಗೆದ ಹಸಿಬೀಜದ ಸುತ್ತ ಬಿಳಿ ಲೋಳೆ ಅಂಟಿಕೊಂಡಿರುತ್ತದೆ; ಬೇಗನೆ ಹುಳಿಯತೊಡಗುತ್ತದೆ. ಕ್ರಮವಾಗಿ ಹುಳಿ ಬರಿಸಿ ಒಣಗಿಸದಿದ್ದರೆ ಚಾಕೊಲೇಟಿನ ಪರಿಮಳವೇ ಹುಟ್ಟದು. ಕೊಳ್ಳುವವರು ಬಾರದಿದ್ದರೆ ಬೆಳೆಯೆಲ್ಲ ತೋಟದಲ್ಲೇ ಗೊಬ್ಬರ.

1970ರ ದಶಕದಲ್ಲಿ ಖಾಸಗಿ ಚಾಕೊಲೇಟ್ ಕಂಪನಿಯ ಪ್ರೋತ್ಸಾಹ ನಂಬಿ ದಕ್ಷಿಣ ಕನ್ನಡ, ಕಾಸರಗೋಡಿನ ಅಡಿಕೆ ತೋಟಗಳ ನೆರಳಲ್ಲಿ ಕೊಕ್ಕೊ ನೆಟ್ಟವರು ದಶಕ ಮುಗಿಯುವ ಹೊತ್ತಿಗೆ ಇದೇ ಸ್ಥಿತಿಗೆ ಬಂದರು. ಬೆಲೆ ಕುಸಿಯಿತು, ಖಾಸಗಿ ಖರೀದಿ ಹಿಂದೆ ಸರಿಯಿತು. ಆಗ ಮುಂದೆ ಬಂದದ್ದು ಕ್ಯಾಂಪ್ಕೊ. ಅಡಿಕೆ ಧಾರಣೆ ನೆಲಕಚ್ಚಿದ ಸಂಕಟದಿಂದಲೇ 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಅದು. ಅಡಿಕೆ ವ್ಯಾಪಾರ ಬಲ್ಲವರಿಗೆ ಕೊಕ್ಕೊ ಹೊಸ ಪಾಠ. ಹಸಿಬೀಜ ಕೊಂಡು ಸಂಸ್ಕರಿಸುವುದನ್ನು ಕಲಿತರು. ಬರೀ ಬೀಜ ಮಾರುತ್ತಿದ್ದರೆ ವಿದೇಶಿ ಮಾರುಕಟ್ಟೆಯ ಏರಿಳಿತಕ್ಕೆ ಕೊರಳೊಡ್ಡಿದಂತೆಯೇ ಎಂದು ಕಂಡುಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆದರು.

ಬದಲಾದ ಕಾಲಕ್ಕೆ ಹೊಂದಿಕೊಂಡು ಬೆಳೆಯುವ ಸಂಸ್ಥೆಗಳ ಬಗ್ಗೆ ಮಾತು ಬಂದಾಗ ಮೀಸಲು ನಿಧಿ, ತಂತ್ರಜ್ಞಾನ, ಚುರುಕು ನಾಯಕತ್ವ ಎಂದು ಪಟ್ಟಿ ಮಾಡುವುದು ರೂಢಿ. ಅವೆಲ್ಲ ಬೇಕು, ನಿಜ. ಆದರೆ ಕಂಪನಿಗೆ ನಷ್ಟದ ಬೆಳೆಯನ್ನು ಬಿಟ್ಟು ಹೋಗುವ ದಾರಿ ಇತ್ತು, ಕ್ಯಾಂಪ್ಕೊಗೆ ಇರಲಿಲ್ಲ. ಕೊಯ್ಲಿಗೆ ಬಂದ ಕಾಯಿ ಮುಂದಿಟ್ಟುಕೊಂಡು ಕೂತವರೇ ಆ ಸಂಸ್ಥೆಯ ಒಡೆಯರು. ಗೊತ್ತಿಲ್ಲದ ಕಸುಬನ್ನು ಕಲಿಯುವ ಹಟ ಅಲ್ಲಿಂದ ಬಂತೆಂಬುದು ನನ್ನ ದೃಢ ನಂಬಿಕೆ.

ಹಾಗೆಂದು ಸದಸ್ಯರ ಒಡೆತನವೊಂದೇ ಸಾಲದು. ನಮ್ಮಲ್ಲಿ ಬಾಗಿಲು ಮುಚ್ಚಿದ ಸಹಕಾರಿ ಸಕ್ಕರೆ ಕಾರ್ಖಾನೆಗಳೂ ರೈತರವೇ ಆಗಿದ್ದವು. ಅಡಿಕೆ ಬೆಳೆಗಾರನಿಗೆ ಕ್ಯಾಂಪ್ಕೊ ಹಿಡಿಸದಿದ್ದರೆ ಪಕ್ಕದ ಖಾಸಗಿ ಅಂಗಡಿಗೆ ಮಾಲು ಒಯ್ಯುವ ಸ್ವಾತಂತ್ರ್ಯವಿದೆ. ಸಂಸ್ಥೆಯನ್ನು ಎಚ್ಚರವಾಗಿ ಇಟ್ಟಿರುವುದು ದಿನದಿನದ ಈ ಪೈಪೋಟಿ. 2020ರ ಲಾಕ್‌ಡೌನ್‌ನಲ್ಲಿ ಪೇಟೆಯೇ ಸ್ತಬ್ಧವಾಗಿದ್ದಾಗ, ಏಪ್ರಿಲ್‌ನಲ್ಲೇ ಮಿತ ಪ್ರಮಾಣದಲ್ಲಾದರೂ ಕ್ಯಾಂಪ್ಕೊ ಅಡಿಕೆ ಖರೀದಿ ಶುರುಮಾಡಿದ್ದು ಆ ಎಚ್ಚರದಿಂದಲೇ.

ಕೊಕ್ಕೊ ಕೈಬಿಡದ ನಿರ್ಧಾರದ ಬೆಲೆ 2024ರಲ್ಲಿ ಇನ್ನೊಂದು ಬಗೆಯಲ್ಲಿ ತಿಳಿಯಿತು. ಪಶ್ಚಿಮ ಆಫ್ರಿಕಾದಲ್ಲಿ ಫಸಲು ಕೈಕೊಟ್ಟು ಕೊಕ್ಕೊ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು. ಗಿಡ ಕಡಿಯದೆ ಉಳಿಸಿಕೊಂಡವರು ಅದರ ಫಲ ಉಂಡರು.

ಅಡಿಕೆ ಬೆಳೆಗಾರರ ಈಗಿನ ಸಂಕಟ ಇನ್ನೂ ಕಠಿಣ. ಸುಳ್ಯದ ಕಡೆ ಹಳದಿ ಎಲೆ ರೋಗ ತೋಟಗಳನ್ನೇ ನುಂಗಿದೆ, ಎಲೆಚುಕ್ಕಿ ಹಬ್ಬುತ್ತಿದೆ. ಅಡಿಕೆಯ ಆರೋಗ್ಯ ಪರಿಣಾಮದ ಪ್ರಶ್ನೆಯೂ ದೂರ ಸರಿಯುವಂಥದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿ ವರ್ಷಗಳೇ ಆದವು. ಅಡಿಕೆ ಆಮದಿಗೆ ಕಿಲೋಗೆ 351 ರೂಪಾಯಿ ಕನಿಷ್ಠ ದರ ಗೊತ್ತುಮಾಡಿದ್ದರಿಂದ ಕೊಂಚ ಉಸಿರಾಡಲು ಬಿಡುವು ಸಿಕ್ಕಿದೆ, ಅಷ್ಟೇ. ಕ್ಯಾಂಪ್ಕೊ ಈಗಾಗಲೇ ಕಾಳುಮೆಣಸು, ರಬ್ಬರಿಗೂ ಕೈಹಾಕಿದೆ. ರೋಗ ಬಿದ್ದ ತೋಟ ಕಡಿದು ಬೇರೆ ಬೆಳೆ ಹುಡುಕುತ್ತಿರುವವನಿಗೆ ಸಸಿಗಿಂತ ಮೊದಲು ಬೇಕಿರುವುದು, ಫಸಲು ಬಂದಾಗ ಕೊಳ್ಳುತ್ತೇವೆಂಬ ಮಾತು. ಆ ಮಾತನ್ನು ಆಡಳಿತ ಮಂಡಳಿ ಈಗಲೇ, ಬೆಳೆಯ ಹೆಸರು ಹೇಳಿ ಕೊಡಬೇಕು.